ಅನ್ಯಭಾಷೆ ಅಂದ್ರೆ ಯಾವ ಭಾಷೆ?

ಭಾನುವಾರ ಬೆಳಗ್ಗೆ ಬಂಗಾರಪೇಟೆಯಲ್ಲೋ ರಾಬರ್ಟ್‌ಸನ್‌ಪೇಟೆಯಲ್ಲೋ ಪೆಂಟೆಕೋಸ್ಟ್ ಸಭೆಯ ಮುಂದೆ ಹಾದು ಹೋಗಿದ್ದರೆ ಇದನ್ನ ಕೇಳಿರ್ತೀರಿ. ತಮಿಳು, ತೆಲುಗು ಇಲ್ಲಾ ಕನ್ನಡದಲ್ಲಿ ನಡೀತಿದ್ದ ಪ್ರಾರ್ಥನೆ ಇದ್ದಕ್ಕಿದ್ದಂತೆ ಯಾರಿಗೂ ಅರ್ಥವಾಗದ ಮಾತಾಗುತ್ತೆ. ಸಭೆಯವರು ಇದನ್ನ 'ಅನ್ಯಭಾಷೆ' ಅಂತಾರೆ. ಭಾಷಾವಿಜ್ಞಾನಿಗಳು ಬಳಸೋ ಹೆಸರು ಗ್ಲಾಸೊಲೇಲಿಯಾ. ಕೆಲವರು ಇದರ ವಿಡಿಯೋ ಮಾಡಿ ಸ್ಟೇಟಸ್‌ಗೆ ಹಾಕಿ ನಗ್ತಾರೆ. ಇನ್ನು ಕೆಲವರು 'ತಲೆ ಕೆಟ್ಟಿದೆ' ಅಂತಾರೆ. ಎರಡೂ ತಪ್ಪು. ಯಾಕೆ ಅಂತ ನೋಡೋಣ.

ಮೊದಲ ಪ್ರಶ್ನೆ, ಇದು ನಿಜವಾಗಿ ಬೇರೆ ದೇಶದ ಭಾಷೆನಾ? 1906ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನ ಅಜೂಸಾ ಬೀದಿಯ ಸಭೆಗಳಲ್ಲಿ ಹಲವರು ಹಾಗೇ ನಂಬಿದ್ದರು. ಅಲ್ಲಿದ್ದ ಆಲ್ಫ್ರೆಡ್ ಗಾರ್, ತನಗೆ ಬಂಗಾಳಿ ಒಲಿದಿದೆ ಅಂದುಕೊಂಡು ಹೆಂಡತಿ ಲಿಲಿಯನ್ ಜೊತೆ ಕಲ್ಕತ್ತೆಗೆ ಬಂದರು. ಬಂದು ನೋಡಿದರೆ ಬಂಗಾಳಿ ಮಾತಾಡೋಕೆ ಆಗಲಿಲ್ಲ. ಆದರೂ ಅವರು ಅನ್ಯಭಾಷೆಯ ಪ್ರಾರ್ಥನೆ ಬಿಡಲಿಲ್ಲ. ಅದು ಜನರ ಜೊತೆ ಮಾತಾಡೋಕಲ್ಲ, ದೇವರ ಜೊತೆ ಮಾತಾಡೋಕೆ ಅಂತ ತಿಳಿದುಕೊಂಡರು.

ಹಾಗಂತ ಇದು ಬರೀ ಅಮೆರಿಕದಿಂದ ಬಂದದ್ದೂ ಅಲ್ಲ. ಕಾರ್ಕಳ ಸೀಮೆಯಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ ಪುಣೆ ಹತ್ತಿರ ನಡೆಸುತ್ತಿದ್ದ ಮುಕ್ತಿ ಮಿಷನ್‌ನಲ್ಲಿ 1905ರಲ್ಲೇ ದೊಡ್ಡ ಪ್ರಾರ್ಥನಾ ಜಾಗೃತಿ ಶುರುವಾಗಿತ್ತು. ಆ ದಿನಗಳಲ್ಲಿ ಅಲ್ಲಿನ ಹುಡುಗಿಯರೂ ಅನ್ಯಭಾಷೆ ಆಡಿದರು.

ಇನ್ನು ಭಾಷಾವಿಜ್ಞಾನ. ವಿಲಿಯಂ ಸ್ಯಾಮರಿನ್ ಹಲವು ದೇಶಗಳ ಸಭೆಗಳಿಗೆ ಹೋಗಿ ಕೇಳಿ, 1972ರಲ್ಲಿ ಪುಸ್ತಕ ಬರೆದರು. ಅವರು ಕಂಡದ್ದೇನು? ಆ ಮಾತಿನ ಸದ್ದುಗಳು ಹೆಚ್ಚಾಗಿ ಆ ವ್ಯಕ್ತಿಗೆ ಮೊದಲೇ ಗೊತ್ತಿರೋ ಭಾಷೆಗಳವು. ಸರಳ ಅಕ್ಷರಗಳು ಮತ್ತೆ ಮತ್ತೆ ಬರುತ್ತವೆ. ಏರಿಳಿತ ಇದೆ, ವಾಕ್ಯ ಮುಗಿದಂಥ ನಿಲುಗಡೆ ಇದೆ. ಆದರೆ ಇಂಥ ಪದಕ್ಕೆ ಇಂಥ ಅರ್ಥ ಅನ್ನೋ ಕಟ್ಟು ಇಲ್ಲ. ಹಾಡಿನಲ್ಲಿ ಪದ ಬಿಟ್ಟು ರಾಗ ಮಾತ್ರ ಉಳಿಸಿಕೊಂಡ ಹಾಗೆ.

ಮಿದುಳಲ್ಲಿ ಏನಾಗುತ್ತೆ? 2006ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಂಡ್ರ್ಯೂ ನ್ಯೂಬರ್ಗ್ ತಂಡ 5 ಮಹಿಳೆಯರ ಮಿದುಳನ್ನ ಸ್ಕ್ಯಾನ್ ಮಾಡಿತು. ಒಮ್ಮೆ ಭಕ್ತಿಗೀತೆ ಹಾಡುವಾಗ, ಇನ್ನೊಮ್ಮೆ ಅನ್ಯಭಾಷೆ ಆಡುವಾಗ. ಹಾಡಿಗೆ ಹೋಲಿಸಿದರೆ ಅನ್ಯಭಾಷೆಯಲ್ಲಿ ಹಣೆಯ ಹಿಂದಿನ ಭಾಗದ ಚಟುವಟಿಕೆ ಇಳಿದಿತ್ತು. ನಾವು ಬೇಕಂತಲೇ ಮಾಡೋ ಕೆಲಸಗಳಿಗೆ ಹತೋಟಿ ಕೊಡೋ ಭಾಗ ಅದು. 'ನಾನು ಆಡ್ತಿಲ್ಲ, ತಾನಾಗೇ ಬರ್ತಿದೆ' ಅಂತ ಭಕ್ತರು ಹೇಳೋದಕ್ಕೆ ಇದು ಹೊಂದುತ್ತೆ. ಆದರೆ ನೋಡಿದ್ದು ಐದೇ ಜನರನ್ನ. ಮತ್ತೆ, ದೇವರು ಇದ್ದಾನೋ ಇಲ್ಲವೋ ಅಂತ ಸ್ಕ್ಯಾನ್ ಹೇಳಲ್ಲ.

ಈಗ ಮುಖ್ಯ ವಿಷಯ. ಪ್ರಾರ್ಥನೆ ಮುಗಿದ ಮೇಲೆ ಅವರೇ ಎಂದಿನಂತೆ 'ಊಟ ಆಯ್ತಾಮ್ಮ?' ಅಂತ ಕೇಳ್ತಾರೆ. ಅದು ಕಾಯಿಲೆ ಅಲ್ಲ. ಆದರೆ ಮನೇಲಿ ಚೆನ್ನಾಗಿದ್ದ ಅಜ್ಜಿ ಅಡುಗೆ ಮಾಡ್ತಾ ಮಾಡ್ತಾ ತಟ್ಟಂತ ಅರ್ಥವಿಲ್ಲದ ಮಾತಾಡೋಕೆ ಶುರು ಮಾಡಿದರೆ, ನೀವು ಹೇಳಿದ್ದೂ ಅವರಿಗೆ ಅರ್ಥ ಆಗದಿದ್ದರೆ, ಅದು ಲಕ್ವ, ಅಂದ್ರೆ ಸ್ಟ್ರೋಕ್ ಇರಬಹುದು. ಮಿದುಳಿನ ಎಡಭಾಗದಲ್ಲಿ ಮಾತು ಅರ್ಥ ಮಾಡಿಕೊಳ್ಳೋ ಜಾಗಕ್ಕೆ ಪೆಟ್ಟಾದರೆ ಮಾತು ಸರಾಗವಾಗಿ ಬರುತ್ತೆ, ಅರ್ಥ ಇರಲ್ಲ. ಕೈ ಸೋಲದೇ, ಬಾಯಿ ಸೊಟ್ಟಗಾಗದೇ ಬರೀ ಮಾತು ಕೆಟ್ಟಿರಲೂಬಹುದು. ದೆವ್ವ ಅಂತ ಮಂತ್ರ ಹಾಕಿಸೋಕೆ, ಮೈದುಂಬಿದೆ ಅಂತ ಕಾಯೋಕೆ ಹೋಗಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ. ರಕ್ತದ ಗಡ್ಡೆ ಕರಗಿಸೋ ಇಂಜೆಕ್ಷನ್ ಸಾಮಾನ್ಯವಾಗಿ 4.5 ಗಂಟೆಯೊಳಗೆ ಕೊಡಬೇಕು. ಮಾತು ಕೆಟ್ಟದ್ದು ಎಷ್ಟು ಗಂಟೆಗೆ ಅನ್ನೋದನ್ನ ನೆನಪಿಟ್ಟು ಡಾಕ್ಟರಿಗೆ ಹೇಳಿ.

ಮನೇಲಿ ಹಿರಿಯರಿರೋ ಫ್ರೆಂಡ್ಸ್‌ಗೆ ಈ ಸಂಚಿಕೆ ಕಳಿಸಿ. ಮುಂದಿನ ವಾರ ಸಿಗೋಣ.