ಹಳೆಯ ಸರ್ವರ್‌ನ ಆಯುಷ್ಯ ಯಾರ ಕೈಯಲ್ಲಿ?

ಬೆಂಗಳೂರಿನ ಕಂಪನಿಗಳು ಐದಾರು ವರ್ಷ ದುಡಿಸಿಕೊಂಡು ಗುಜರಿಗೆ ಕಳಿಸುವ ಸರ್ವರ್‌ಗಳೆಲ್ಲ ಕೆಟ್ಟುಹೋದವೆಂದು ತಿಳಿಯಬೇಕಿಲ್ಲ. ವಾರಂಟಿ ಮುಗಿದಿರುತ್ತದೆ, ಮುಂದಿನ ನಿರ್ವಹಣಾ ಒಪ್ಪಂದ ದುಬಾರಿಯಾಗಿರುತ್ತದೆ, ಎಷ್ಟೋ ಸಲ ಕಾರಣ ಇಷ್ಟೇ. 2010ರಲ್ಲಿ ಬಂದ ಇಂಟೆಲ್‌ನ ಕ್ಸಿಯಾನ್ ಎಕ್ಸ್5650 ಪ್ರೊಸೆಸರನ್ನೇ ತೆಗೆದುಕೊಳ್ಳಿ. ಒಂದೊಂದರಲ್ಲೂ ಆರು ಕೋರ್. ಡೆಲ್ ಪವರ್‌ಎಡ್ಜ್ ಆರ್710ರಂಥ ಯಂತ್ರದಲ್ಲಿ ಅಂಥವು ಎರಡು ಕೂರುತ್ತವೆ. ಅದಕ್ಕೆ ಲಿನಕ್ಸ್ ಹಾಕಿ ಕೇಳಿದರೆ ತನ್ನ ಬಳಿ 24 ಸಿಪಿಯು ಇವೆ ಎನ್ನುತ್ತದೆ, ಏಕೆಂದರೆ ಪ್ರತಿ ಕೋರ್ ಏಕಕಾಲಕ್ಕೆ ಎರಡು ಕೆಲಸ ಹಿಡಿಯಬಲ್ಲದು. ಕೆ.ಆರ್. ಪೇಟೆಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳವಾಡಿಯ ಎಂಐಟಿ, ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದ ಆದಿಚುಂಚನಗಿರಿ ವಿಶ್ವವಿದ್ಯಾಲಯ ಇಂಥ ಕಡೆ ಕಂಪ್ಯೂಟರ್ ಓದುವವರಿಗೆ ಬಿಚ್ಚಿ, ಹೊಂದಿಸಿ, ಕೆಡಿಸಿ, ಮತ್ತೆ ಸರಿಮಾಡಿ ಕಲಿಯಲು ಇದಕ್ಕಿಂತ ಒಳ್ಳೆಯ ಸಾಮಾನು ಸಿಗುವುದು ಕಷ್ಟ. ಇಂಥ ಯಂತ್ರ ಇನ್ನೆಷ್ಟು ದಿನ ಬಾಳಬೇಕೆಂಬುದನ್ನು ಮಾರಿದವರ ಕ್ಯಾಲೆಂಡರ್ ಅಲ್ಲ, ಬಳಸುವವರೇ ತೀರ್ಮಾನಿಸಬೇಕು; ಆ ಅಧಿಕಾರ ಲಿನಕ್ಸ್‌ನಂಥ ಮುಕ್ತ ಆಕರದ ಕಾರ್ಯಾಚರಣ ವ್ಯವಸ್ಥೆಯಿಂದ ಮಾತ್ರ ದಕ್ಕುತ್ತದೆ ಎಂಬುದು ನನ್ನ ವಾದ.

ಮೊದಲು ದುಡ್ಡಿನ ಮಾತು. 2016ರ ಆವೃತ್ತಿಯಿಂದ ವಿಂಡೋಸ್ ಸರ್ವರ್‌ನ ಪರವಾನಗಿ ಕೋರ್‌ಗಳ ಲೆಕ್ಕದಲ್ಲಿದೆ, ಒಂದು ಸರ್ವರ್‌ಗೆ ಕನಿಷ್ಠ 16 ಕೋರ್‌ಗಳಿಗೆ ಕೊಳ್ಳಲೇಬೇಕು. ಮೇಲೆ ಹೇಳಿದ ಯಂತ್ರದಲ್ಲಿರುವುದು 12 ಕೋರ್, ಕಟ್ಟಬೇಕಾದದ್ದು 16ಕ್ಕೆ. ಡೆಬಿಯನ್ ಲಿನಕ್ಸ್ ಅಥವಾ ಫ್ರೀಬಿಎಸ್‌ಡಿಗೆ ಈ ಎಣಿಕೆಯೇ ಇಲ್ಲ. ಆದರೆ ಉಳಿತಾಯಕ್ಕಿಂತ ದೊಡ್ಡ ಲಾಭ ಬೇರೆ ಇದೆ: ಒಳಗೇನು ನಡೆಯುತ್ತಿದೆ ಎಂದು ಓದಿ ನೋಡಬಹುದು. ಎರಡು ಪ್ರೊಸೆಸರ್‌ಗಳು ಒಂದೇ ಮೆಮೊರಿಯನ್ನು ಹಂಚಿಕೊಂಡಾಗ, ಒಂದು ತಿದ್ದುತ್ತಿರುವ ಮಾಹಿತಿಯನ್ನು ಇನ್ನೊಂದು ಅದೇ ಕ್ಷಣ ತಿದ್ದಿದರೆ ಎಲ್ಲವೂ ಕಲಸುಮೇಲೋಗರ. ಬ್ರಿಟನ್ನಿನ ಆಲನ್ ಕಾಕ್ಸ್ ಮೊದಲಾದವರು ಸೇರಿ, 1996ರ ಜೂನ್‌ನಲ್ಲಿ ಬಂದ ಲಿನಕ್ಸ್ 2.0ರಲ್ಲಿ ಇದಕ್ಕೊಂದು ಒರಟು ಪರಿಹಾರ ಕೊಟ್ಟರು: ವ್ಯವಸ್ಥೆಯ ತಿರುಳಾದ ಇಡೀ ಕರ್ನಲ್‌ಗೆ ಒಂದೇ ಬೀಗ. ತಾಲ್ಲೂಕು ಕಚೇರಿಯಲ್ಲಿ ಎರಡು ಕೌಂಟರ್ ತೆರೆದು ಒಂದೇ ವಹಿ ಇಟ್ಟ ಹಾಗೆ. ಇಬ್ಬರು ಗುಮಾಸ್ತರಿದ್ದರೂ ಬರೆಯುವವನು ಒಬ್ಬನೇ, ಇನ್ನೊಬ್ಬ ಕಾಯಬೇಕು. ಮುಂದಿನ ವರ್ಷಗಳಲ್ಲಿ ಆ ದೊಡ್ಡ ಬೀಗವನ್ನು ಚಿಕ್ಕಚಿಕ್ಕ ಬೀಗಗಳಾಗಿ ಒಡೆಯುತ್ತ ಬಂದರು, 2011ರ 2.6.39ರಲ್ಲಿ ಅದರ ಕೊನೆಯ ತುಣುಕೂ ಹೋಯಿತು. ಆ ಹದಿನೈದು ವರ್ಷಗಳ ತಿದ್ದುಪಡಿಗಳನ್ನು ಕೆ.ಆರ್. ಪೇಟೆಯ ವಿದ್ಯಾರ್ಥಿ ಯಾರ ಅಪ್ಪಣೆಯೂ ಇಲ್ಲದೆ ತೆರೆದು ನೋಡಬಹುದು, ಎರಡು ಪ್ರೊಸೆಸರ್‌ಗಳ ಯಂತ್ರದಲ್ಲಿ ಪ್ರಯೋಗಿಸಲೂಬಹುದು. ಸಾಮಾನ್ಯ ಪ್ರೊಸೆಸರ್‌ಗಳನ್ನು ಒಟ್ಟಿಗೆ ದುಡಿಸುವ ವಿದ್ಯೆ ನಮ್ಮ ನಾಡಿಗೇನೂ ಹೊಸದಲ್ಲ. ಬೆಂಗಳೂರಿನ ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್ 1986ರಲ್ಲೇ ಇಂಟೆಲ್ 8086 ಚಿಪ್‌ಗಳನ್ನು ಜೋಡಿಸಿ ಫ್ಲೋಸಾಲ್ವರ್ ಎಂಬ ಸಮಾಂತರ ಗಣಕ ಕಟ್ಟಿತ್ತು.

ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಕರೆಂಟಿನದು. ಇಂಥ ಸರ್ವರ್ ಸುಮ್ಮನಿದ್ದಾಗಲೂ 200 ವಾಟ್ ಎಳೆಯಿತೆನ್ನಿ. ಹಗಲು ರಾತ್ರಿ ಓಡಿಸಿದರೆ ತಿಂಗಳಿಗೆ 144 ಯೂನಿಟ್. 15 ವಾಟ್‌ನ ಹೊಸ ಪುಟ್ಟ ಕಂಪ್ಯೂಟರ್‌ಗೆ ಹನ್ನೊಂದೇ ಯೂನಿಟ್ ಸಾಕು. ಆದ್ದರಿಂದ ಸದಾ ಚಾಲೂ ಇರಬೇಕಾದ ಕೆಲಸಕ್ಕೆ ಹಳೆಯ ಸರ್ವರ್ ಇಟ್ಟುಕೊಳ್ಳುವುದು ವಿದ್ಯುತ್ ಕಂಪನಿ ಸೆಸ್ಕ್‌ಗೆ ದಾನ ಮಾಡಿದಂತೆ. ಲ್ಯಾಬ್ ಹೊತ್ತಿನಲ್ಲಿ ಮಾತ್ರ, ದಿನಕ್ಕೆ ಎಂಟು ಗಂಟೆಯಂತೆ 24 ದಿನ ಓಡಿಸಿದರೆ ಅದೇ ಖರ್ಚು 38 ಯೂನಿಟ್‌ಗೆ ಇಳಿಯುತ್ತದೆ, ಆಗ ನನ್ನ ವಾದ ಗಟ್ಟಿಯಾಗಿ ನಿಲ್ಲುತ್ತದೆ. ಫ್ಯಾನ್‌ಗಳ ಗದ್ದಲಕ್ಕೆ ಮಾತ್ರ ಬೇರೆ ಕೋಣೆಯೇ ಗತಿ.

ಇನ್ನೊಂದು ಆಕ್ಷೇಪ: ಮುಕ್ತ ತಂತ್ರಾಂಶವೂ ಹಳತನ್ನು ಕೈಬಿಡುತ್ತದಲ್ಲ? ನಿಜ. ಲಿನಕ್ಸ್ ಕರ್ನಲ್ 2013ರಲ್ಲಿ ಇಂಟೆಲ್ 386 ಪ್ರೊಸೆಸರನ್ನೂ, 2024ರ ಜನವರಿಯಲ್ಲಿ ಇಟಾನಿಯಂ ಪ್ರೊಸೆಸರನ್ನೂ ಬಿಟ್ಟಿತು. 2025ರ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 10ಕ್ಕೆ ಬೇಕಾದ ಎವಿಎಕ್ಸ್2 ಎಂಬ ಪ್ರೊಸೆಸರ್ ಸೌಲಭ್ಯ ನಮ್ಮ ಎಕ್ಸ್5650ರಲ್ಲಿ ಇಲ್ಲ. ಆದರೆ ಅದೇ ಚಿಪ್ ಮೇಲೆ ಡೆಬಿಯನ್ ಈಗಲೂ ಓಡುತ್ತದೆ. ಒಬ್ಬರು ಬಾಗಿಲು ಹಾಕಿದರೆ ಪಕ್ಕದ ಬಾಗಿಲಿಗೆ ಹೋಗಬಹುದು, ಅದೂ ಮುಚ್ಚಿದರೆ ಆಕರ ಸಂಕೇತ ಕೈಯಲ್ಲೇ ಉಳಿದಿರುತ್ತದೆ. ಭದ್ರತೆಯ ವಿಷಯದಲ್ಲೂ ಇಂಥದ್ದೇ ಆಯಿತು. 2018ರಲ್ಲಿ ಸ್ಪೆಕ್ಟರ್ ಎಂಬ ಪ್ರೊಸೆಸರ್ ದೋಷ ಹೊರಬಿದ್ದಾಗ, ಕೆಲವು ಹಳೆಯ ಚಿಪ್‌ಗಳಿಗೆ ಮೈಕ್ರೋಕೋಡ್ (ಚಿಪ್‌ನೊಳಗಿನ ತಂತ್ರಾಂಶ) ತಿದ್ದುಪಡಿ ಕೊಡುವುದಿಲ್ಲ ಎಂದು ಇಂಟೆಲ್ ಏಪ್ರಿಲ್‌ನಲ್ಲಿ ತಿಳಿಸಿತು. ಆ ಚಿಪ್‌ಗಳ ಮೇಲೂ ಒಂದಿಷ್ಟು ರಕ್ಷಣೆ ಕೊಡುವ ರೆಟ್‌ಪೋಲಿನ್ ಉಪಾಯ ಅಷ್ಟರಲ್ಲಿ ಲಿನಕ್ಸ್ ಕರ್ನಲ್ ಸೇರಿತ್ತು. ಒಂದಿಷ್ಟು ಎಂದೆ, ಪೂರ್ತಿ ಅಲ್ಲ. ಹಾಗಾಗಿ ಪಹಣಿ, ಆಸ್ಪತ್ರೆಯ ದಾಖಲೆಗಳಂಥವನ್ನು ಇಂಥ ಯಂತ್ರದಲ್ಲಿಟ್ಟು ಇಂಟರ್ನೆಟ್‌ಗೆ ತೆರೆಯುವುದು ಬೇಡವೇ ಬೇಡ.

ಇಂಥ ಯಂತ್ರಗಳನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಕಾಸರಗೋಡಿನಲ್ಲಿದೆ. ಕೇರಳದ ಐಟಿ ಅಟ್ ಸ್ಕೂಲ್ ಯೋಜನೆ, 2017ರಿಂದ ಕೈಟ್ ಸಂಸ್ಥೆ, ಸರ್ಕಾರಿ ಶಾಲೆಗಳನ್ನೆಲ್ಲ ಲಿನಕ್ಸ್‌ಗೆ ತಂದಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರ ಮೇಲೆಯೇ ಐಟಿ ಕಲಿಯುತ್ತಾರೆ, ಪ್ರಾಯೋಗಿಕ ಪರೀಕ್ಷೆಯನ್ನೂ ಬರೆಯುತ್ತಾರೆ. ಅಲ್ಲಿರುವುದು ಸರ್ವರ್‌ಗಳಲ್ಲ, ಸಾಮಾನ್ಯ ಕಂಪ್ಯೂಟರ್‌ಗಳು, ಒಪ್ಪೋಣ. ಆದರೂ ಮೇಷ್ಟ್ರುಗಳಿಗೆ ಕ್ರಮವಾಗಿ ತರಬೇತಿ ಕೊಟ್ಟರೆ ಲಿನಕ್ಸ್ ಹಳ್ಳಿ ಶಾಲೆಯಲ್ಲೂ ನಿಲ್ಲುತ್ತದೆಂಬುದಕ್ಕೆ ಅಷ್ಟು ಸಾಕು. ಪ್ರೌಢಶಾಲೆಯ ಹುಡುಗರಿಗೆ ಆದದ್ದು ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಆಗದೇನು?

ಕಲಿಕೆಯಾಚೆಗೂ ಹಳೆಯ ಸರ್ವರ್‌ಗೆ ಕೆಲಸವಿದೆ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಸಂಸ್ಕೃತ ಸಂಶೋಧನಾ ಸಂಸತ್ತಿನಲ್ಲಿ ಸಾವಿರಾರು ಓಲೆಗರಿಗಳಿವೆ. ಅಂಥ ಸಂಗ್ರಹಗಳ ಸ್ಕ್ಯಾನ್ ಚಿತ್ರಗಳ ಎರಡನೇ ಪ್ರತಿ ಇಡಲು ತಿಂಗಳಿಗೆರಡು ಸಲ ಚಾಲೂ ಮಾಡುವ ಹಳೆಯ ಸರ್ವರ್ ಸಾಕು, ಕರೆಂಟೂ ಹೆಚ್ಚು ಬೇಡ. ಆದರೆ ಯಂತ್ರ ಹಳೆಯದಾದರೂ ಡಿಸ್ಕ್ ಹೊಸದೇ ಇರಬೇಕು, ಅದರಲ್ಲಿ ಚೌಕಾಸಿ ಸಲ್ಲ. ಕೊಳ್ಳುವ ಮುನ್ನ ಡಿಸ್ಕ್‌ಗಳನ್ನು ನಿಯಂತ್ರಿಸುವ ರೇಡ್ ಕಾರ್ಡ್ ಯಾವುದೆಂದು ನೋಡಿಕೊಳ್ಳಬೇಕು: ಎಷ್ಟೋ ಹಳೆಯ ಕಾರ್ಡ್‌ಗಳ ಬೆಂಬಲವನ್ನು ರೆಡ್ ಹ್ಯಾಟ್ ತನ್ನ 8ನೇ ಆವೃತ್ತಿಯಲ್ಲೇ ತೆಗೆದುಹಾಕಿದೆ, ಪ್ರೊಸೆಸರ್ ಗಟ್ಟಿಯಾಗಿದ್ದರೂ ಡಿಸ್ಕ್‌ಗಳೇ ಕಾಣದೆ ಅನುಸ್ಥಾಪನೆ ನಿಂತುಬಿಡಬಹುದು.