ಉರಿಗಾಮಿನ ನೆಲನಡುಕವೂ ನಷ್ಟದ ಲೆಕ್ಕವೂ

ವಿಪತ್ತೆಂದೊಡನೆ ನೆರೆ, ಬರ, ಬೆಂಕಿ, ಬಿರುಗಾಳಿಗಳು ನಮ್ಮ ನೆನಪಿಗೆ ಬರುತ್ತವೆ. ಕೋಲಾರದ ಚಿನ್ನದ ಗಣಿಗಳ ಸೀಮೆಯವರಿಗಾದರೋ ಮತ್ತೊಂದು ವಿಪತ್ತು ತಲೆಮಾರುಗಳಿಂದ ಪರಿಚಿತವಾದುದು. ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಹೋಗುವ ರೈಲುದಾರಿಯಲ್ಲಿ ಸಿಕ್ಕುವ ಉರಿಗಾಮಿನಲ್ಲಿ ಕಾಲಡಿಯ ನೆಲ ಒಮ್ಮೊಮ್ಮೆ ಗುಡುಗಿ ನಡುಗುತ್ತಿತ್ತು, ಗೋಡೆಗಳು ಬಿರಿಯುತ್ತಿದ್ದುವು. ಗಣಿಯವರು ಇದನ್ನು ಹಿಂದೆ ಏರ್‌ಬ್ಲಾಸ್ಟ್ ಎನ್ನುತ್ತಿದ್ದರು, ಶಾಸ್ತ್ರಜ್ಞರು ಶಿಲಾಸ್ಫೋಟವೆನ್ನುತ್ತಾರೆ.

ಇದರ ಕಾರಣವನ್ನು ತಿಳಿಯುವುದು ಕಷ್ಟವಲ್ಲ. ನೆರೆಯ ಚಾಂಪಿಯನ್ ರೀಫ್ ಗಣಿಯು 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅದಿರನ್ನು ತೆಗೆದ ಎಡೆಯಲ್ಲಿ ಮೇಲಿನ ಭಾರವೆಲ್ಲ ಉಳಿದ ಬಂಡೆಯ ಮೇಲೆ ಬೀಳುತ್ತದೆ. ತಾಳಲಾರದಾದಾಗ ಅದು ಹಠಾತ್ತನೆ ಸಿಡಿಯುತ್ತದೆ. ಗಣಿಯೊಳಗೆ ಗ್ರಾನೈಟ್ ಕಲ್ಲಿನ ಗೋಡೆಗಳನ್ನು ಕಟ್ಟಿ ಆಧಾರ ಕೊಡುತ್ತಿದ್ದುದು ಇದಕ್ಕಾಗಿಯೇ. 2001ರ ಫೆಬ್ರುವರಿ 28ರಂದು ಗಣಿಗಳು ಮುಚ್ಚಿದುವು. ಬರಿದಾದ ಸುರಂಗಗಳಲ್ಲಿ ನೀರು ತುಂಬುತ್ತ ಬಂದಿತು. ಆದರೆ ಕಂಪನಗಳು ಅಲ್ಲಿಗೇ ನಿಲ್ಲಲಿಲ್ಲ.

2005ರ ವಿಪತ್ತು ನಿರ್ವಹಣಾ ಕಾಯಿದೆಯಂತೆ ಪ್ರತಿ ಜಿಲ್ಲೆಗೂ ಒಂದು ಪ್ರಾಧಿಕಾರವುಂಟು. ಜಿಲ್ಲಾಧಿಕಾರಿಗಳು ಅದರ ಅಧ್ಯಕ್ಷರು. ಪರಿಹಾರ, ಪುನರ್ವಸತಿ, ಪುನರ್ನಿರ್ಮಾಣಗಳಲ್ಲಿ ನಗರಸಭೆಯಂಥ ಸ್ಥಳೀಯ ಸಂಸ್ಥೆಗಳಿಗೂ ಕರ್ತವ್ಯವನ್ನು ವಿಧಿಸಿದೆ. ಕಾಯಿದೆಯೇನೋ ಸರಿಯೇ. ಆದರೆ ನಷ್ಟವನ್ನು ಅಳೆಯುವ ಕೆಲಸ ವಿಪತ್ತಿನ ಮರುದಿನ ಆರಂಭವಾಗತಕ್ಕುದಲ್ಲ. ಅದಕ್ಕೆ ಬಹು ಮುಂಚೆಯೇ ಆರಂಭವಾಗಬೇಕೆಂಬುದು ನಮ್ಮ ಅಭಿಪ್ರಾಯ.

ಉರಿಗಾಮಿನ ಉದಾಹರಣೆಯನ್ನೇ ನೋಡೋಣ. ಹಳೆಯ ಮನೆಯ ಗೋಡೆಯಲ್ಲಿ ಬಿರುಕೊಂದಿದೆ. ಅದು ನಿನ್ನೆಯ ನಡುಕದಿಂದಾದುದೋ, ನಲವತ್ತು ವರ್ಷದ ಹಿಂದಿನದೋ? ಪರಿಶೀಲನೆಗೆ ಬಂದ ಇಂಜಿನಿಯರು ಹೀಗೆ ಕೇಳಿದರೆ ಮನೆಯವರು ಸಾಕ್ಷಿಯನ್ನು ಎಲ್ಲಿಂದ ತಂದಾರು? ಮೊದಲೇ ಪ್ರತಿ ಮನೆಯ ಗೋಡೆ, ಮಾಡು, ಬಿರುಕುಗಳನ್ನು ಬರೆದು, ಛಾಯಾಚಿತ್ರ ತೆಗೆದು ದಿನಾಂಕ ಹಾಕಿಟ್ಟಿದ್ದರೆ ಈ ಪ್ರಶ್ನೆಗೆ ಗಳಿಗೆಯಲ್ಲಿ ಉತ್ತರ ದೊರೆಯುತ್ತದೆ.

ಎರಡನೆಯದು ಹಕ್ಕಿನ ಮಾತು. ಲೈನುಗಳೆಂದು ಕರೆಯುವ ಸಾಲುಮನೆಗಳನ್ನು ಕಟ್ಟಿಸಿದವರು ಗಣಿಯವರು. ಗಣಿ ಮುಚ್ಚಿದ ಮೇಲೂ ಅಲ್ಲಿ ವಾಸವಾಗಿ ಉಳಿದವರು ಹಳೆಯ ಕೆಲಸಗಾರರ ಸಂಸಾರಗಳು. ಖಾತೆಯಲ್ಲಿ ಹೆಸರಿದ್ದವರನ್ನು ಮಾತ್ರ ಪಟ್ಟಿಗೆ ಸೇರಿಸಿದರೆ, ಮಳೆಯಲ್ಲಿ ನೆನೆಯುವವರೇ ಪಟ್ಟಿಯಿಂದ ಹೊರಗುಳಿಯುತ್ತಾರೆ. ಆದುದರಿಂದ ಒಡೆಯರಿಗೊಂದು, ವಾಸಿಸುವವರಿಗೊಂದು, ಹೀಗೆ ಎರಡು ಕಲಮುಗಳು ಪುಸ್ತಕದಲ್ಲಿರಬೇಕು.

ಮೂರನೆಯದಾಗಿ, ಪರಿಹಾರನಿಧಿಗೆ ಕೇಂದ್ರವು ಒಪ್ಪಿದ ವಿಪತ್ತುಗಳ ಪಟ್ಟಿಯಲ್ಲಿ ಭೂಕಂಪದ ಹೆಸರಿದೆ, ಶಿಲಾಸ್ಫೋಟದ ಹೆಸರಿಲ್ಲ. ಎರಡರಿಂದಲೂ ಬಿರಿಯುವುದು ಅದೇ ಗೋಡೆಯೇ. ಕಂಪನಮಾಪಕ ದಾಖಲಿಸಿದ ದಿನ, ವೇಳೆ, ಬಲಗಳನ್ನು ಮನೆಗಳ ಪುಸ್ತಕದೊಡನೆ ಹೊಂದಿಸಿ ತೋರಿಸಿದರೆ ಸ್ಥಳೀಯರ ಅಹವಾಲಿಗೆ ಆಧಾರವುಂಟಾಗುತ್ತದೆ.

ಕಟ್ಟಿಕೊಡುವ ಕ್ರಮವನ್ನೂ ಮುಂಚೆಯೇ ನಿಶ್ಚಯಿಸಿಡಬೇಕು: ಮೊದಲು ಕುಡಿಯುವ ನೀರು, ಆಸ್ಪತ್ರೆಯ ದಾರಿ, ಆಮೇಲೆ ಬೇರೆ ನೆಲೆಯಿಲ್ಲದವರ ಮನೆ, ಕಚೇರಿಗಳ ಸುಣ್ಣಬಣ್ಣ ಕಡೆಗೆ. ಸಾಲುಮನೆಗಳಲ್ಲಿ ಒಂದು ಗೋಡೆ ಎರಡು ಮನೆಗೆ ಸೇರಿದುದಾದ ಕಾರಣ, ದುರಸ್ತಿಯನ್ನು ಒಂದೊಂದು ಮನೆಗಲ್ಲದೆ ಇಡೀ ಸಾಲಿಗೇ ಯೋಜಿಸುವುದು ಯುಕ್ತ.

ಇಷ್ಟಕ್ಕೆ ದೊಡ್ಡ ಬೊಕ್ಕಸವೇನೂ ಬೇಕಿಲ್ಲ. ಬಡಾವಣೆಗೆ ಇಬ್ಬರು ಗುಮಾಸ್ತರು, ಒಬ್ಬ ಮೇಸ್ತ್ರಿ, ಒಂದು ಪುಸ್ತಕ, ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುನ್ನ ಮನೆಮನೆಗೆ ಒಂದು ಸುತ್ತು, ಇಷ್ಟೇ ಸಾಕು. ನೆಲ ಯಾವಾಗ ನಡುಗೀತೆಂದು ನಾವು ಹೇಳಲಾರೆವು. ನಡುಗಿದ ಮರುದಿನ ಯಾರ ಮನೆಯ ಬಾಗಿಲಿಗೆ ಮೊದಲು ಹೋಗಬೇಕೆಂಬುದನ್ನು ಇಂದೇ ಬರೆದಿಡಬಲ್ಲೆವು.