ಎತ್ತರಿಸಿದ ಗಾಡಿಯ ಚಂಚಲ ಚಕ್ರಗಳು

ಕಲ್ಲುಬಂಡೆಗಳ, ಹಳ್ಳಕೊಳ್ಳಗಳ ದಾರಿಯಲ್ಲಿ ಸಂಚರಿಸಬೇಕಾದ ಮೋಟಾರು ಗಾಡಿಗೆ ಎತ್ತರವು ಒಂದು ವರವೇ ಸರಿ. ಗಾಡಿಯ ಹೊಟ್ಟೆ ನೆಲದಿಂದ ಮೇಲಿದ್ದಷ್ಟೂ ಅದು ಕಲ್ಲಿಗೆ ತಗಲದೆ ದಾಟಿ ಹೋಗುತ್ತದೆ. ಆದುದರಿಂದಲೇ ಇಂತಹ ವಾಹನಗಳ ಅಭಿಮಾನಿಗಳು ಮೊದಲಿನ ಸ್ಪ್ರಿಂಗುಗಳನ್ನು ತೆಗೆದು, ಹೆಚ್ಚು ಉದ್ದವಾದವುಗಳನ್ನು ಜೋಡಿಸಿ, ಗಾಡಿಯನ್ನು ಐದೋ ಹತ್ತೋ ಸೆಂಟಿಮೀಟರಿನಷ್ಟು ಮೇಲೆತ್ತುವುದುಂಟು.

ಹೀಗೆ ಎತ್ತರಿಸಿದ ಗಾಡಿ ಕಾಡುದಾರಿಯಲ್ಲಿ ಸೊಗಸಾಗಿ ನಡೆಯುತ್ತದೆ. ಆದರೆ ಹೆದ್ದಾರಿಗೆ ಬಂದೊಡನೆ ಅದರ ಸ್ವಭಾವವೇ ಬದಲಾಗಬಹುದು. ನೆಟ್ಟಗಿನ ರಸ್ತೆಯಲ್ಲಿಯೂ ಅದು ಅತ್ತಿತ್ತ ಅಲೆಯುತ್ತದೆ; ತಿರುವು ಮುಗಿದ ಮೇಲೆ ಸ್ಟೀರಿಂಗ್ ಚಕ್ರವು ತಾನಾಗಿ ಹಿಂದಿರುಗುವುದಿಲ್ಲ. ಕೆಲವೊಮ್ಮೆ ಒಂದು ಸಣ್ಣ ಗುಂಡಿಯ ಮೇಲೆ ಹಾಯ್ದ ಮಾತ್ರಕ್ಕೆ ಮುಂದಿನ ಗಾಲಿಗಳೆರಡೂ ಹುಚ್ಚೆದ್ದಂತೆ ಎಡಬಲಕ್ಕೆ ಅದುರತೊಡಗುತ್ತವೆ. ಅಮೆರಿಕದ ಜೀಪು ಚಾಲಕರು ಈ ಅದುರಾಟವನ್ನು ‘ಮೃತ್ಯುಕಂಪ’ ಎಂಬ ಅರ್ಥ ಬರುವ ಹೆಸರಿನಿಂದ ಕರೆಯುತ್ತಾರೆ. ಬರಿಯ ಸ್ಪ್ರಿಂಗನ್ನು ಬದಲಿಸಿದುದಕ್ಕೆ ಸ್ಟೀರಿಂಗ್ ಏಕೆ ಕೆಡಬೇಕು? ಇದನ್ನು ತಿಳಿಯಲು ಮೊದಲು ಒಂದು ಬೈಸಿಕಲ್ಲನ್ನು ಪರೀಕ್ಷಿಸೋಣ.

ಬೈಸಿಕಲ್ಲಿನ ಹಿಡಿಯನ್ನು ಮುಟ್ಟದೆ, ಸೀಟನ್ನು ಮಾತ್ರ ಹಿಡಿದು ಮುಂದಕ್ಕೆ ತಳ್ಳಿರಿ. ಮುಂಗಾಲಿ ತಾನಾಗಿಯೇ ನೆಟ್ಟಗೆ ಸಾಗುತ್ತದೆ. ಈಗ ಹಿಂದಕ್ಕೆ ಎಳೆಯಿರಿ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಡಿ ಹೊರಳಿ ಗಾಲಿ ಅಡ್ಡವಾಗುತ್ತದೆ. ಮುಂಗಾಲಿಯನ್ನು ಹಿಡಿದ ಕವಲು ಲಂಬವಾಗಿಲ್ಲ. ಅದರ ಮೇಲ್ತುದಿ ಹಿಂದಕ್ಕೆ ವಾಲಿದೆ. ಗಾಲಿ ಯಾವ ಅಕ್ಷದ ಸುತ್ತ ಹೊರಳುವುದೋ ಆ ಅಕ್ಷವನ್ನು ನೆಲದವರೆಗೆ ಬೆಳೆಸಿದರೆ, ಟೈರು ನೆಲವನ್ನು ಮುಟ್ಟುವ ಸ್ಥಳಕ್ಕಿಂತ ಮುಂದೆ ಬಂದು ಸೇರುತ್ತದೆ. ಆದುದರಿಂದ ಮುಂದೆ ಚಲಿಸುವಾಗ ಟೈರು ಅಕ್ಷದ ಹಿಂದೆ ಎಳೆಯಲ್ಪಡುತ್ತದೆ; ಹಗ್ಗ ಕಟ್ಟಿ ಎಳೆದ ವಸ್ತುವಿನಂತೆ ನೇರವಾಗಿ ಹಿಂಬಾಲಿಸುತ್ತದೆ. ಮೋಟಾರು ಗಾಡಿಯ ಮುಂಗಾಲಿಗಳಿಗೂ ಇಂತಹದೇ ಒಂದು ವಾಲುವಿಕೆಯುಂಟು. ಅದಕ್ಕೆ ಕ್ಯಾಸ್ಟರ್ ಕೋನವೆಂದು ಹೆಸರು. ಅದು ಕೆಲವೇ ಡಿಗ್ರಿಗಳಷ್ಟು ಸಣ್ಣದಾದರೂ ಗಾಡಿಯ ಸ್ಥಿರತೆಗೆ ಬಹುಮಟ್ಟಿಗೆ ಅದೇ ಆಧಾರ.

ಇನ್ನು ಗಾಡಿಯ ಕೆಳಗೆ ಬಗ್ಗಿ ನೋಡೋಣ. 1970ರಲ್ಲಿ ಹೊರಬಂದ ಬ್ರಿಟನ್ನಿನ ರೇಂಜ್ ರೋವರ್ ಗಾಡಿಯಲ್ಲಿ ಮುಂದಿನ ಗಾಲಿಗಳೆರಡನ್ನೂ ಒಂದೇ ಗಟ್ಟಿ ಅಚ್ಚು ಜೋಡಿಸುತ್ತದೆ. ಅಚ್ಚಿನ ಮೇಲೆ ಸುರುಳಿ ಸ್ಪ್ರಿಂಗುಗಳು ಕುಳಿತಿವೆ. ಅಚ್ಚಿನಿಂದ ಹೊರಟ ಎರಡು ಉಕ್ಕಿನ ತೋಳುಗಳು ಹಿಂದಕ್ಕೆ ಚಾಚಿ ಚೌಕಟ್ಟನ್ನು ಸೇರುತ್ತವೆ. 2023ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಐದು ಬಾಗಿಲಿನ ಜಿಮ್ನಿಯಲ್ಲಿಯೂ ಇದೇ ಬಗೆಯ ವ್ಯವಸ್ಥೆಯಿದೆ. ಸ್ಪ್ರಿಂಗು ಉದ್ದವಾದಾಗ ಚೌಕಟ್ಟು ಮೇಲೇರುತ್ತದೆ. ಅದರೊಡನೆ ತೋಳಿನ ಹಿಂದುದಿಯೂ ಮೇಲೇರುತ್ತದೆ. ತೋಳು ಅಚ್ಚಿಗೆ ಬಿಗಿಯಾಗಿ ಕೂಡಿರುವುದರಿಂದ ಅಚ್ಚೂ ಮುಂದಕ್ಕೆ ಉರುಳುತ್ತದೆ. ತೋಳಿನ ಉದ್ದವನ್ನು 90 ಸೆಂಟಿಮೀಟರೆಂದು ಇಟ್ಟುಕೊಂಡರೆ, ಗಾಡಿಯನ್ನು 5 ಸೆಂಟಿಮೀಟರು ಎತ್ತಿದಾಗ ಅಚ್ಚು ಸುಮಾರು 3 ಡಿಗ್ರಿ ತಿರುಗುತ್ತದೆ. ಮೂಲದಲ್ಲಿದ್ದ ಕ್ಯಾಸ್ಟರ್ ಕೋನವೇ 3 ಡಿಗ್ರಿಯಾಗಿದ್ದರೆ ಅಲ್ಲಿಗೆ ಅದು ಶೂನ್ಯ! ಗಾಡಿ ಅಲೆಯುವುದರಲ್ಲಿ ಆಶ್ಚರ್ಯವೇನು?

ಪರಿಹಾರವೂ ಈ ಲೆಕ್ಕದಲ್ಲಿಯೇ ಅಡಗಿದೆ. ಅಚ್ಚು ಎಷ್ಟು ಉರುಳಿತೋ ಅಷ್ಟನ್ನೇ ಹಿಂದಕ್ಕೆ ತಿರುಗಿಸಬೇಕು. ಇದಕ್ಕಾಗಿ ಕೋನವನ್ನು ತಿದ್ದಿ ತಯಾರಿಸಿದ ತೋಳುಗಳನ್ನಾಗಲಿ, ರಂಧ್ರವು ನಡುವಿನಿಂದ ಸರಿದಿರುವ ಬುಷ್‌ಗಳನ್ನಾಗಲಿ ಹಾಕುತ್ತಾರೆ. ಇಲ್ಲವೆ ತೋಳಿನ ಹಿಂದುದಿಯನ್ನು ಚೌಕಟ್ಟಿನಿಂದ ಕೆಳಕ್ಕೆ ಇಳಿಸುತ್ತಾರೆ. ಆದರೆ ಅಚ್ಚನ್ನು ಹಿಂದಕ್ಕೆ ತಿರುಗಿಸಿದಂತೆ, ಮುಂಗಾಲಿಗಳಿಗೆ ಶಕ್ತಿಯನ್ನು ತರುವ ದಂಡವನ್ನು ಸೇರುವ ಅದರ ಮೂತಿ ಕೆಳಮುಖವಾಗಿ, ದಂಡದ ಸಂಧಿಯು ಹೆಚ್ಚು ಬಾಗುತ್ತದೆ. ಅತಿಯಾದರೆ ಅಲ್ಲಿ ಕಂಪನವೂ ಸವೆತವೂ ಹುಟ್ಟುತ್ತವೆ. ಎತ್ತರಕ್ಕೆ ಒಂದು ಮಿತಿಯಿರಬೇಕೆಂಬುದಕ್ಕೆ ಇದು ಮೊದಲನೆಯ ಸೂಚನೆ.

ಎರಡನೆಯ ತೊಂದರೆ ಅಡ್ಡ ಸರಳುಗಳದು. ಅಚ್ಚು ಪಕ್ಕಕ್ಕೆ ಜಾರದಂತೆ ಪ್ಯಾನ್ಹಾರ್ಡ್ ಸರಳೆಂಬುದು ಅದನ್ನು ಚೌಕಟ್ಟಿಗೆ ಕಟ್ಟಿರುತ್ತದೆ. ಸ್ಟೀರಿಂಗ್ ಪೆಟ್ಟಿಗೆಯಿಂದ ಗಾಲಿಗೆ ಚಲನೆಯನ್ನು ಒಯ್ಯುವುದು ಡ್ರ್ಯಾಗ್ ಲಿಂಕ್ ಎಂಬ ಇನ್ನೊಂದು ಸರಳು. ಎರಡೂ ಮಟ್ಟಸವಾಗಿ, ಒಂದಕ್ಕೊಂದು ಸಮಾನಾಂತರವಾಗಿದ್ದರೆ ಗಾಲಿ ಏರಿಳಿದರೂ ಕೇಡಿಲ್ಲ. ಗಾಡಿಯನ್ನು ಎತ್ತಿದಾಗ ಎರಡೂ ಇಳಿಜಾರಾಗುತ್ತವೆ. 80 ಸೆಂಟಿಮೀಟರಿನ ಮಟ್ಟಸವಾದ ಸರಳಿನ ಒಂದು ತುದಿ 10 ಸೆಂಟಿಮೀಟರು ಇಳಿದರೆ ಅದು ಪಕ್ಕಕ್ಕೆ ಸರಿಯುವುದು ಕೇವಲ 6 ಮಿಲಿಮೀಟರು. ಅದೇ ತುದಿ ಇನ್ನೂ 10 ಸೆಂಟಿಮೀಟರು ಇಳಿದರೆ ಮತ್ತೆ 19 ಮಿಲಿಮೀಟರು ಸರಿಯುತ್ತದೆ. ಪೈಥಾಗೊರಸನ ಪ್ರಮೇಯದಿಂದ ವಿದ್ಯಾರ್ಥಿಗಳು ಇದನ್ನು ತಾವೇ ತಾಳೆ ನೋಡಬಹುದು. ಇಳಿಜಾರು ಹೆಚ್ಚಿದಷ್ಟೂ ಪ್ರತಿ ಉಬ್ಬುತಗ್ಗಿಗೂ ಅಚ್ಚು ಹೆಚ್ಚು ಪಕ್ಕಕ್ಕೆ ಸರಿಯುತ್ತದೆ. ಎರಡು ಸರಳುಗಳ ಇಳಿಜಾರು ಬೇರೆ ಬೇರೆಯಾದರಂತೂ ಚಾಲಕನು ಕೈಯಾಡಿಸದೆಯೇ ಗಾಲಿಗಳು ಹೊರಳುತ್ತವೆ! ಆದುದರಿಂದ ಸರಳುಗಳ ಮೇಲ್ತುದಿಗಳನ್ನು ತಗ್ಗಿಸುವುದಾದರೆ ಎರಡನ್ನೂ ಒಟ್ಟಿಗೆ ತಗ್ಗಿಸಬೇಕು. ಒಂದನ್ನು ಮಾತ್ರ ತಿದ್ದುವುದು ಏನನ್ನೂ ಮಾಡದಿರುವುದಕ್ಕಿಂತ ಕೆಟ್ಟದ್ದು.

ಮೂರನೆಯದು ಆ ಭೀಕರ ಅದುರಾಟ. ಸುತ್ತುವ ಗಾಲಿಯು ಒಂದು ದೊಡ್ಡ ಬುಗುರಿ. ಗಟ್ಟಿ ಅಚ್ಚಿನ ಒಂದು ತುದಿ ಉಬ್ಬನ್ನೇರಿದಾಗ ಗಾಲಿಗಳೆರಡೂ ಓರೆಯಾಗುತ್ತವೆ. ಸುತ್ತುವ ಬುಗುರಿಯನ್ನು ಓರೆ ಮಾಡಿದರೆ ಅದು ಅಡ್ಡಕ್ಕೆ ಹೊರಳಲು ಹವಣಿಸುವಂತೆ ಇವೂ ಹೊರಳಲು ಹವಣಿಸುತ್ತವೆ. ಕೀಲುಗಳು ಸಡಿಲವಾಗಿದ್ದರೆ ಆ ಚಲನೆ ಅಡಗದೆ ಬೆಳೆಯುತ್ತದೆ. ಭಾರವಾದ ದೊಡ್ಡ ಟೈರುಗಳು ಅದನ್ನು ಇನ್ನಷ್ಟು ಬಲಪಡಿಸುತ್ತವೆ. ಇದನ್ನು ತಡೆಯಲೆಂದು ಹಲವರು ಮೊದಲು ಸ್ಟೀರಿಂಗ್ ಡ್ಯಾಂಪರನ್ನು ಕೊಂಡು ಹಾಕುತ್ತಾರೆ. ಎಣ್ಣೆ ತುಂಬಿದ ಈ ಕೊಳವೆಯು ಕಂಪನವನ್ನು ಕುಗ್ಗಿಸುವುದು ನಿಜ. ಆದರೆ ಅದು ಜ್ವರದ ಮೂಲವನ್ನು ಹುಡುಕದೆ ತಾಪವನ್ನಷ್ಟೇ ಇಳಿಸುವ ಔಷಧಿಯಂತೆ. ಡ್ಯಾಂಪರು ಸವೆದ ದಿನ ರೋಗವು ಮೊದಲಿಗಿಂತ ಉಲ್ಬಣವಾಗಿ ತೋರಬಹುದು. ಟೈರಿನ ಗಾಳಿ ಮತ್ತು ಸಮತೂಕ, ಅನಂತರ ಕೀಲು ಬುಷ್‌ಗಳ ಸಡಿಲತೆ, ಅನಂತರ ಕ್ಯಾಸ್ಟರ್ ಕೋನ, ಆಮೇಲೆ ಅಡ್ಡ ಸರಳುಗಳು, ಎಲ್ಲಕ್ಕೂ ಕಡೆಗೆ ಡ್ಯಾಂಪರು: ಇದು ವಿವೇಕದ ಕ್ರಮ.

ಇಷ್ಟೆಲ್ಲ ತಿದ್ದಿದರೂ ತಿದ್ದಲಾಗದ ಒಂದು ಸಂಗತಿ ಉಳಿಯುತ್ತದೆ. ಅದೇ ಗುರುತ್ವ ಕೇಂದ್ರ. ಎಡಬಲ ಗಾಲಿಗಳ ನಡುವಿನ ಅಂತರದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿದರೆ ಬರುವ ಸಂಖ್ಯೆಯು, ಗಾಡಿ ಮಗುಚಿಕೊಳ್ಳುವುದನ್ನು ಎಷ್ಟು ತಡೆಯಬಲ್ಲುದೆಂಬುದರ ಅಳತೆ. ಅಂತರ 140 ಸೆಂಟಿಮೀಟರು, ಎತ್ತರ 70 ಆದರೆ ಆ ಸಂಖ್ಯೆ 1. ಎತ್ತರವನ್ನು 77ಕ್ಕೆ ಏರಿಸಿದರೆ ಅದು 0.91ಕ್ಕೆ ಇಳಿಯುತ್ತದೆ. ತಿರುವಿನಲ್ಲಿ ವೇಗವನ್ನು ತಗ್ಗಿಸುವುದೊಂದೇ ಇದಕ್ಕೆ ಉಪಾಯ. ನಮ್ಮ ದೇಶದಲ್ಲಂತೂ, ತಯಾರಕರು ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು ನಿರ್ಬಂಧಿಸುತ್ತದೆ. ಗಾಡಿಯಲ್ಲಿ ಕುಳಿತವರ ಪ್ರಾಣದ ಜೊತೆಗೆ, ಎದುರಿನಿಂದ ಬರುವವರ ಪ್ರಾಣವೂ ಈ ಕೋನಗಳನ್ನೇ ನಂಬಿದೆ.

ಯಂತ್ರದಲ್ಲಿ ಯಾವ ಭಾಗವೂ ಒಂಟಿಯಲ್ಲ. ಒಂದು ಸ್ಪ್ರಿಂಗನ್ನು ಉದ್ದ ಮಾಡಿದವನು ತನಗರಿಯದೆ ಹತ್ತು ಕೋನಗಳನ್ನು ಬದಲಿಸಿರುತ್ತಾನೆ. ಅವುಗಳನ್ನು ಅಳೆಯಬಲ್ಲವನಿಗೆ ಮಾತ್ರ ಎತ್ತರವು ವರ. ಅಳೆಯದವನಿಗೆ ಅದು ಅಪಾಯ.